ಒಗಟು ಹಾಕಿದ ನಾಲ್ಕೇ ನಿಮಿಷಕ್ಕೆ ಉತ್ತರ ಬಂದುಬಿಟ್ಟರೆ ಏನು ಮಾಡ್ತೀರಿ?

ಭಾನುವಾರದ ಒಗಟು
ನಾವು ಏಳು ಜನ ಗೆಳೆಯರು. ಓದು ಮುಗಿಸಿ ಒಬ್ಬೊಬ್ಬರು ಒಂದೊಂದು ಕಡೆ ಸೇರಿದ್ದೇವೆ. ವರ್ಷಕ್ಕೊಮ್ಮೆ ಮುಖ ನೋಡಿದರೆ ಅದೇ ಹೆಚ್ಚು. ಹಾಗಾಗಿ ಎರಡು ವರ್ಷದಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ಪ್ರತಿ ಭಾನುವಾರ ಸಂಜೆ ನಾನು ವಾಟ್ಸಾಪ್ ಗುಂಪಿನಲ್ಲಿ ಒಂದು ಒಗಟೋ, ತಲೆಗೆ ಹುಳ ಬಿಡುವಂಥ ಲೆಕ್ಕವೋ ಹಾಕುತ್ತೇನೆ. ವಾರವಿಡೀ ಅದೇ ಮಾತು. ಇಲ್ಲದಿದ್ದರೆ ನಮ್ಮ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಹೋದ ವಾರ ಹನ್ನೆರಡು ನಾಣ್ಯದ ಲೆಕ್ಕ ಹಾಕಿದೆ. ನೋಡಲು ಒಂದೇ ಥರ ಇರುವ 12 ನಾಣ್ಯ. ಅದರಲ್ಲೊಂದು ಖೋಟಾ. ಅದು ಉಳಿದವುಗಳಿಗಿಂತ ಭಾರವೋ ಹಗುರವೋ ಗೊತ್ತಿಲ್ಲ. ಕೈಯಲ್ಲಿ ತಕ್ಕಡಿ ಮಾತ್ರ ಇದೆ, ತೂಕದ ಬಟ್ಟು ಇಲ್ಲ. ಮೂರೇ ಸಲ ತೂಗಿ ಖೋಟಾ ಯಾವುದು, ಭಾರವೋ ಹಗುರವೋ ಎಂದು ಹೇಳಬೇಕು. ನಾನೇ ಇದಕ್ಕೆ ಹತ್ತು ದಿನ ಒದ್ದಾಡಿದ್ದೆ. ಅಷ್ಟು ಇಷ್ಟದ ಲೆಕ್ಕ.

ಹಾಕಿ ನಾಲ್ಕು ನಿಮಿಷ ಆಗಿರಲಿಲ್ಲ, ಒಬ್ಬ ಗೆಳೆಯ ಇಡೀ ಉತ್ತರವನ್ನು ತಂದು ಅಂಟಿಸಿದ. ಎಐ ಬರೆದುಕೊಟ್ಟ ಉದ್ದನೆಯ ಉತ್ತರ. ಅಷ್ಟರಲ್ಲಿ ಇನ್ನಿಬ್ಬರು ಕಾಗದ ಪೆನ್ನು ತೆಗೆದುಕೊಂಡು ಕೂತಿದ್ದರಂತೆ. ಒಬ್ಬಳು ‘ಓ, ಬಂತಾ, ಸರಿ ಬಿಡಿ’ ಎಂದಷ್ಟೇ ಹಾಕಿದಳು. ಆ ‘ಸರಿ ಬಿಡಿ’ ನನ್ನ ಮನಸ್ಸಿಗೆ ತುಂಬಾ ನಾಟಿತು. ಅವಳು ವರ್ಷದಿಂದ ಗುಂಪಿನಲ್ಲಿ ಹೆಚ್ಚು ಮಾತಾಡಿದವಳೇ ಅಲ್ಲ.

ಅವನನ್ನು ಕೇಳಿದರೆ, ‘ಪ್ರಶ್ನೆ ಕೇಳಿದೆ, ಉತ್ತರ ಕೊಟ್ಟೆ, ತಪ್ಪೇನು?’ ಎನ್ನುತ್ತಾನೆ. ಜಗಳ ಬೇಡ, ಆದರೆ ಅಭ್ಯಾಸವೂ ಉಳಿಯಬೇಕು. ನಿಮ್ಮ ಗೆಳೆಯರ ಜೊತೆ ನೀವು ಹೇಗೆ ನಡೆಸುತ್ತೀರಿ? ಏನಾದರೂ ನಿಯಮ ಇದೆಯಾ?

ಗಾಳಿಪಟ
24 ಗಂಟೆ ಯಾರೂ ಉತ್ತರ ಹಾಕುವ ಹಾಗಿಲ್ಲ. ನಮ್ಮಲ್ಲಿ ಇದೊಂದೇ ನಿಯಮ.

ಪೆನ್ಸಿಲ್ ತುದಿ
24 ಗಂಟೆ ಸಾಲಲ್ಲ ಅಂತ ನನ್ನ ಅನುಭವ. ಕೆಲಸ, ಮನೆ, ಮಕ್ಕಳು ಎಲ್ಲ ಮುಗಿದು ರಾತ್ರಿ ಹನ್ನೊಂದಕ್ಕೆ ಫೋನ್ ನೋಡುವವರೂ ಇರುತ್ತಾರೆ. ಅವರು ನೋಡುವ ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ.

ನಮ್ಮದು ಹೀಗೆ. ಉತ್ತರ ಗುಂಪಿಗೆ ಹಾಕುವುದೇ ಇಲ್ಲ. ಒಗಟು ಹಾಕಿದವರಿಗೆ ಮಾತ್ರ ಖಾಸಗಿಯಾಗಿ ಕಳಿಸಬೇಕು. ಅವರು ಗುಂಪಿನಲ್ಲಿ ‘ಇಬ್ಬರಿಗೆ ಸಿಕ್ಕಿದೆ’ ಎಂದಷ್ಟೇ ಹೇಳುತ್ತಾರೆ. ಹೆಸರೂ ಹೇಳಲ್ಲ. ಇದರಿಂದ ಒಂದು ಒಳ್ಳೆಯದಾಯಿತು. ತಪ್ಪು ಉತ್ತರ ಹೇಳಲು ಹಿಂಜರಿಯುತ್ತಿದ್ದವರು ಈಗ ಧೈರ್ಯವಾಗಿ ಕಳಿಸುತ್ತಾರೆ. ನಮ್ಮ ಗುಂಪಿನ ಒಬ್ಬರು ಒಂದೇ ಒಗಟಿಗೆ ಒಂಬತ್ತು ತಪ್ಪು ಉತ್ತರ ಕಳಿಸಿ ಹತ್ತನೆಯದಕ್ಕೆ ಸರಿಯಾಗಿ ಹೇಳಿದರು. ಎಲ್ಲರ ಎದುರಿಗೆ ಆಗಿದ್ದರೆ ಎರಡನೆಯದಕ್ಕೇ ಸುಮ್ಮನಾಗಿಬಿಡುತ್ತಿದ್ದರು.

ತಡರಾತ್ರಿ
ನಾನು ನಿಮ್ಮ ಗೆಳೆಯನ ಪರ. ಬೇಗ ಉತ್ತರ ಹೇಳುವುದರಲ್ಲೂ ಒಂದು ಖುಷಿ ಇದೆ. ಚಿಕ್ಕಂದಿನಲ್ಲಿ ಒಗಟು ಕೇಳಿದಾಗ ಯಾರು ಮೊದಲು ಹೇಳುತ್ತಾರೆ ಅನ್ನುವುದೇ ಆಟ ಆಗಿತ್ತಲ್ವಾ? ‘ಅಮ್ಮನ ಸೀರೆ ಮಡಿಸೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ’ ಅಂತ ಕೇಳಿದ ತಕ್ಷಣ ಆಕಾಶ, ನಕ್ಷತ್ರ ಅಂತ ಕೂಗಿದವರೇ ಗೆದ್ದ ಹಾಗೆ. ಅಲ್ಲಿ ಯಾರೂ 24 ಗಂಟೆ ಕಾಯುತ್ತಿರಲಿಲ್ಲ.

ಪೆನ್ಸಿಲ್ ತುದಿ
ಕೂಗಿದವರು ತಮ್ಮ ತಲೆಯಿಂದ ಕೂಗುತ್ತಿದ್ದರು. ಇಲ್ಲಿ ಅವರು ಎಐಯಿಂದ ತಂದು ಅಂಟಿಸಿದ್ದಾರೆ. ಎರಡೂ ಒಂದೇನಾ?

ತಡರಾತ್ರಿ
ಒಂದೇ ಅಲ್ಲ, ಒಪ್ಪಿದೆ. ಆದರೆ ಬೇಗ ಹೇಳಿದ ಅನ್ನುವುದನ್ನೇ ತಪ್ಪು ಮಾಡಬೇಡಿ. ನಾನು ಓಟದ ಆಟವನ್ನೂ ಇಷ್ಟಪಡುತ್ತೇನೆ.

ಬೆಳ್ಳಕ್ಕಿ
ನನಗೆ ಇದರಲ್ಲಿ ನಮ್ಮ ಭಾಷೆಯ ಮಾತೇ ಸರಿ ಅನಿಸುತ್ತದೆ. ಒಗಟನ್ನು ನಾವು ‘ಬಿಡಿಸುತ್ತೇವೆ’. ಗಂಟು ಬಿಡಿಸುವ ಹಾಗೆ. ಎಳೆ ಎಲ್ಲಿದೆ ಅಂತ ಬೆರಳಿನಲ್ಲಿ ಹುಡುಕಬೇಕು, ಎಳೆದರೆ ಇನ್ನೂ ಬಿಗಿಯಾಗುತ್ತದೆ, ಬಿಟ್ಟು ಇನ್ನೊಂದು ಕಡೆ ಹಿಡಿಯಬೇಕು. ಕತ್ತರಿ ತಂದು ಕತ್ತರಿಸಿದರೂ ಗಂಟು ಹೋಗುತ್ತದೆ, ಆದರೆ ಅದನ್ನು ಯಾರೂ ಬಿಡಿಸಿದ್ದು ಅನ್ನಲ್ಲ.

ಭಾನುವಾರದ ಒಗಟು
@ಬೆಳ್ಳಕ್ಕಿ ಈ ಮಾತನ್ನು ನಮ್ಮ ಗುಂಪಿಗೆ ಹಾಕಲಾ? ನಾಲ್ಕು ದಿನದಿಂದ ನಾನು ಹೇಳಲು ಒದ್ದಾಡುತ್ತಿದ್ದುದು ಇದನ್ನೇ.

ಬೆಳ್ಳಕ್ಕಿ
ಧಾರಾಳವಾಗಿ ಹಾಕಿ.

ಸುಮ್ನೆ ಓದುಗ
ಹನ್ನೆರಡು ನಾಣ್ಯದ ಲೆಕ್ಕ ನನಗೆ ಹೊಸದು. ಮೊದಲು ಆರು ಆರು ಇಟ್ಟು ತೂಗಬೇಕು ಅಲ್ವಾ? ಆಮೇಲೆ ಮೂರು ಮೂರು. ಆಮೇಲೆ?

ಲೆಕ್ಕದ ಹುಚ್ಚು
@ಸುಮ್ನೆ ಓದುಗ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಮಾಡಿದ್ದೆ. ಉತ್ತರ ಹೇಳಲ್ಲ, ಆದರೆ ಆರು ಆರು ಯಾಕೆ ಆಗಲ್ಲ ಅಂತ ಹೇಳುತ್ತೇನೆ. ಅದೇ ಒಂದು ಒಳ್ಳೆಯ ಸುಳಿವು.

ಖೋಟಾ ನಾಣ್ಯ 12ರಲ್ಲಿ ಯಾವುದಾದರೂ ಆಗಬಹುದು. ಪ್ರತಿಯೊಂದೂ ಭಾರ ಇರಬಹುದು, ಹಗುರ ಇರಬಹುದು. ಒಟ್ಟು 24 ಸಾಧ್ಯತೆ. ತಕ್ಕಡಿ ಒಂದು ಸಲಕ್ಕೆ ಮೂರೇ ಮಾತು ಹೇಳುತ್ತದೆ: ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಸಮ ನಿಂತಿತು. ಮೂರು ಸಲ ತೂಗಿದರೆ 3×3×3, ಅಂದರೆ 27 ಬಗೆಯ ಉತ್ತರ. 24 ಅದರೊಳಗೆ ಹಿಡಿಸುತ್ತದೆ, ಆದರೆ ಹೆಚ್ಚು ಜಾಗ ಇಲ್ಲ. ಒಂದು ಸಲವೂ ದಂಡ ಮಾಡುವ ಹಾಗಿಲ್ಲ.

ಈಗ ಆರು ಆರು ಇಡಿ. ತಕ್ಕಡಿ ವಾಲಿಯೇ ವಾಲುತ್ತದೆ, ಸಮ ನಿಲ್ಲುವ ಮಾತೇ ಇಲ್ಲ. ಎಡ ಕೆಳಗೆ ಹೋಯಿತು ಅನ್ನಿ. ಎಡದ ಆರರಲ್ಲಿ ಒಂದು ಭಾರ, ಇಲ್ಲವೇ ಬಲದ ಆರರಲ್ಲಿ ಒಂದು ಹಗುರ. ಇನ್ನೂ 12 ಸಾಧ್ಯತೆ ಉಳಿಯಿತು. ಉಳಿದ ಎರಡು ತೂಕಕ್ಕೆ 9 ಉತ್ತರ ಮಾತ್ರ. 12 ಅದರಲ್ಲಿ ಹಿಡಿಸಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಹಾಗಾದರೆ ಮೊದಲು ಎಷ್ಟೆಷ್ಟು ಇಡಬೇಕು? ಇದೇ ಲೆಕ್ಕ ಹಾಕಿ ನೋಡಿ.

ಗಾಳಿಪಟ
ಐದು ಐದು ಇಟ್ಟರೂ ಆಗುತ್ತದೆ. ಸಮ ನಿಂತರೆ ಹೊರಗಿರುವ ಎರಡರಲ್ಲಿ ಒಂದು. ಸುಲಭ.

ಲೆಕ್ಕದ ಹುಚ್ಚು
@ಗಾಳಿಪಟ ಸಮ ನಿಂತರೆ ಸುಲಭ, ಸರಿ. ವಾಲಿದರೆ? ಎಡದ ಐದು, ಬಲದ ಐದು, ಒಟ್ಟು 10 ಸಾಧ್ಯತೆ. ಒಂಬತ್ತರೊಳಗೆ ಹತ್ತು ಕೂರಲ್ಲ. ಒಂದೇ ಒಂದರಲ್ಲಿ ತಪ್ಪಿಹೋಗುತ್ತದೆ.

ಗಾಳಿಪಟ
ಹೌದಲ್ವಾ. ವಾಪಸ್ ತಗೊಂಡೆ. ಹಾಗಾದರೆ ಮೂರು ಮೂರೂ ಆಗಲ್ಲ, ಸಮ ನಿಂತರೆ ಹೊರಗೆ ಆರು ಉಳಿಯುತ್ತವೆ, ಅದೇ 12.

ಸುಮ್ನೆ ಓದುಗ
ನಾಲ್ಕು ನಾಲ್ಕು. ಯಾವ ಕಡೆ ಏನಾದರೂ ಎಂಟೇ ಸಾಧ್ಯತೆ. ಮುಂದಿನದು ನಾನೇ ಮಾಡುತ್ತೇನೆ, ದಯವಿಟ್ಟು ಯಾರೂ ಹೇಳಬೇಡಿ.

ಭಾನುವಾರದ ಒಗಟು
ನೋಡಿ, ನಮ್ಮ ಗುಂಪಿನಲ್ಲಿ ಆಗಬೇಕಿದ್ದುದು ಇದು!

ಚುಕ್ಕಿ
ನಾನು ಲೆಕ್ಕದವಳಲ್ಲ, ಪದದವಳು. ನಮ್ಮ ಗೆಳತಿಯರ ಗುಂಪಿನಲ್ಲಿ ಅಕ್ಷರದ ಒಗಟು ಜಾಸ್ತಿ. ಒಂದು ಹಾಕುತ್ತೇನೆ. ಮೂರಕ್ಷರದ ಪದ. ಇಡಿಯಾಗಿದ್ದರೆ ಜಗಳ. ತಲೆ ತೆಗೆದರೆ ಕೊಟ್ಟಿಗೆಯಲ್ಲಿರುತ್ತದೆ. ಬಾಲ ತೆಗೆದರೆ ಹೊಸಿಲ ಹತ್ತಿರ ಇರುತ್ತದೆ. ಏನದು?

ತಡರಾತ್ರಿ
ಕದನ. ದನ, ಕದ.

ಚುಕ್ಕಿ
ಅಯ್ಯೋ ಸರ್, ಒಂದು ನಿಮಿಷವೂ ಆಗಲಿಲ್ಲ! ಇಡೀ ಚರ್ಚೆ ಯಾವುದರ ಬಗ್ಗೆ ನಡೆಯುತ್ತಿದೆ?

ತಡರಾತ್ರಿ
ಕ್ಷಮಿಸಿ ಮೇಡಂ, ನಿಜವಾಗಲೂ. ಕಣ್ಣಿಗೆ ಬಿದ್ದ ತಕ್ಷಣ ಹೊಳೆಯಿತು, ಕೈ ತಡೆಯಲಿಲ್ಲ. ಆದರೆ ಇದು ನನ್ನ ತಲೆಯಿಂದಲೇ ಬಂದದ್ದು. ಉತ್ತರ ಸಿಕ್ಕ ಕ್ಷಣ ಯಾರಿಗಾದರೂ ಹೇಳಲೇಬೇಕು ಅನಿಸುತ್ತದಲ್ಲ, ಅದನ್ನು ಹೇಗೆ ತಡೆಯುತ್ತೀರಿ ನೀವೆಲ್ಲ? ನಿಜವಾಗಿ ಕೇಳುತ್ತಿದ್ದೇನೆ.

ಪೆನ್ಸಿಲ್ ತುದಿ
ಅದಕ್ಕೇ ಹೇಳಿದ್ದು, ಹಾಕಿದವರಿಗೆ ಖಾಸಗಿಯಾಗಿ ಕಳಿಸಿ ಅಂತ. ಹೇಳಿಕೊಂಡ ಹಾಗೂ ಆಯಿತು, ಉಳಿದವರ ಪಾಲೂ ಉಳಿಯಿತು.

ಬೆಳ್ಳಕ್ಕಿ
ಇನ್ನೊಂದು ದಾರಿ ಇದೆ. ಉತ್ತರ ಸಿಕ್ಕವರು ಉತ್ತರ ಹೇಳುವ ಬದಲು ಅದೇ ಉತ್ತರಕ್ಕೆ ಇನ್ನೊಂದು ಒಗಟು ಕಟ್ಟಬೇಕು. ಸಿಕ್ಕವರಿಗೆ ಸಿಕ್ಕಿದೆ ಅಂತ ಗೊತ್ತಾಗುತ್ತದೆ, ಸಿಗದವರಿಗೆ ಸುಳಿವು ಒಂದು ಜಾಸ್ತಿ. ಉದಾಹರಣೆಗೆ ಉತ್ತರ ‘ನಯನ’ ಅಂತಿದ್ದರೆ, ಒಬ್ಬರು ‘ಹಿಂದಿನಿಂದ ಓದಿದರೂ ನೋಡುತ್ತದೆ’ ಅಂತ ಹಾಕಿದರು. ನನಗೆ ಆ ಸಾಲು ಮೂಲ ಒಗಟಿಗಿಂತ ಚೆನ್ನಾಗಿ ಕಂಡಿತು.

ಚುಕ್ಕಿ
ಇದು ತುಂಬಾ ಇಷ್ಟವಾಯಿತು. ನಾಳೆಯಿಂದಲೇ ನಮ್ಮ ಗುಂಪಿನಲ್ಲಿ ಶುರು.

ಮೂರನೇ ಸ್ವಿಚ್
ನಮ್ಮ ಆಫೀಸಿನ ಗೆಳೆಯರಲ್ಲಿ ಹೋದ ತಿಂಗಳು ಜಗಳವೇ ಆಯಿತು. ಹಳೆಯ ಬಲ್ಬಿನ ಲೆಕ್ಕ. ಹೊರಗೆ ಮೂರು ಸ್ವಿಚ್, ಮುಚ್ಚಿದ ಕೋಣೆಯಲ್ಲಿ ಒಂದು ಬಲ್ಬ್. ಒಳಗೆ ಒಂದೇ ಸಲ ಹೋಗಬಹುದು. ಯಾವ ಸ್ವಿಚ್ ಬಲ್ಬಿನದು? ಇದರ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡು ಹೇಳುತ್ತೇನೆ. ಒಂದನ್ನು ಸ್ವಲ್ಪ ಹೊತ್ತು ಹಾಕಿ ಆರಿಸುವುದು, ಎರಡನೆಯದನ್ನು ಹಾಕಿ ಒಳಗೆ ಹೋಗುವುದು. ಉರಿಯುತ್ತಿದ್ದರೆ ಎರಡನೆಯದು, ಆರಿದ್ದು ಬಿಸಿ ಇದ್ದರೆ ಮೊದಲನೆಯದು, ತಣ್ಣಗಿದ್ದರೆ ಮೂರನೆಯದು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ‘ಬಲ್ಬ್ ಯಾಕೆ ಬಿಸಿಯಾಗುತ್ತದೆ?’ ಎಂದು ಕೇಳಿದಳು. ಅವಳು ಎಲ್‌ಇಡಿ ಬಿಟ್ಟು ಬೇರೆ ಬಲ್ಬ್ ಮುಟ್ಟಿಯೇ ಇರಲಿಲ್ಲ. ಕೆಲವರು ನಕ್ಕರು. ನನಗೆ ಅದು ಸರಿ ಕಾಣಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು. ಈ ಒಗಟಿಗೆ ಈಗ ಕಾಲ ಮುಗಿಯಿತೇ?

ಲೆಕ್ಕದ ಹುಚ್ಚು
ಮುಗಿದಿಲ್ಲ. ಎಲ್‌ಇಡಿ ಬಲ್ಬೂ ಬಿಸಿಯಾಗುತ್ತದೆ. ಬೆಳಕು ಬರುವ ಮೇಲಿನ ಬುರುಡೆ ಅಷ್ಟಾಗಿ ಬಿಸಿಯಾಗಲ್ಲ, ಕೆಳಗಿನ ಭಾಗ ಆಗುತ್ತದೆ. ಶಾಖ ಹೊರಹಾಕಲು ಮಾಡಿದ್ದು ಆ ಭಾಗವನ್ನೇ. ಹತ್ತು ನಿಮಿಷ ಉರಿಸಿ ಅಲ್ಲಿ ಮುಟ್ಟಿ ನೋಡಿ. ಹಳೆಯ ಬಲ್ಬಿನ ಹಾಗೆ ಕೈ ಸುಡಲ್ಲ, ಆದರೆ ಬೆಚ್ಚಗಿರುವುದು ಗೊತ್ತಾಗುತ್ತದೆ.

ಗಾಳಿಪಟ
ನಾಲ್ಕು ಸ್ವಿಚ್ ಇದ್ದರೂ ಬಿಡಿಸಬಹುದು, ಗೊತ್ತಾ? ಬಲ್ಬ್ ಒಂದೇ, ಒಳಗೆ ಹೋಗುವುದೂ ಒಂದೇ ಸಲ. ಉತ್ತರ ಹೇಳಲ್ಲ.

ಮೂರನೇ ಸ್ವಿಚ್
ನಾಲ್ಕಾ? ಉರಿಯುವುದು, ಆರಿರುವುದು, ಬಿಸಿ, ತಣ್ಣಗೆ... ಓ. ಗೊತ್ತಾಯಿತು. ಉರಿಯುತ್ತಿದ್ದರೂ ಇನ್ನೂ ಬಿಸಿಯಾಗದೆ ಇರಬಹುದು!

ಇಲ್ಲಿ ಒಂದು ಮಜಾ ಇದೆ ನೋಡಿ. ಹಳೆಯ ಬಲ್ಬ್ ಬೇಗ ಬಿಸಿಯಾಗಿಬಿಡುತ್ತದೆ, ಓಡಿಹೋಗಿ ಮುಟ್ಟಬೇಕು. ಎಲ್‌ಇಡಿ ನಿಧಾನ. ಅಂದರೆ ನಾಲ್ಕು ಸ್ವಿಚ್ಚಿನ ಒಗಟಿಗೆ ಎಲ್‌ಇಡಿಯೇ ವಾಸಿ. ಆ ಹುಡುಗಿಗೆ ನಾಳೆಯೇ ಇದನ್ನು ಕೊಡುತ್ತೇನೆ. ಅವಳ ಪ್ರಶ್ನೆಯಿಂದಲೇ ಇಷ್ಟೆಲ್ಲ ಹೊರಟಿದ್ದು.

ಪೆನ್ಸಿಲ್ ತುದಿ
ನಕ್ಕವರ ವಿಷಯ ಹೇಳಿದಿರಿ. ಅದನ್ನೇ ನಾನೂ ಹೇಳಬೇಕೆಂದಿದ್ದೆ. ಗೆಳೆಯರ ನಡುವೆ ಒಗಟು ಸಾಯುವುದಕ್ಕೆ ಎಐಗಿಂತ ದೊಡ್ಡ ಕಾರಣ ‘ಇಷ್ಟೂ ಗೊತ್ತಾಗ್ಲಿಲ್ವಾ?’ ಅನ್ನುವ ಮಾತು. ಉತ್ತರ ಗೊತ್ತಾದ ಮೇಲೆ ಎಲ್ಲ ಒಗಟೂ ಸುಲಭವೇ. ನಾನು ಕಾಲೇಜಿನಲ್ಲಿದ್ದಾಗ ಒಬ್ಬರು ಎಲ್ಲರ ಮುಂದೆ ಹೀಗಂದರು. ಆಮೇಲೆ ಆರೇಳು ವರ್ಷ ನಾನು ಯಾವ ಒಗಟಿಗೂ ಬಾಯಿ ಬಿಡಲಿಲ್ಲ. ಮೂಲ ಬರಹದಲ್ಲಿ ಬರುವ ಆ ಗೆಳತಿ ‘ಸರಿ ಬಿಡಿ’ ಅಂದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಭಾನುವಾರದ ಒಗಟು
ನೀವು ಹೇಳಿದ ಮೇಲೆ ಅವಳಿಗೆ ಒಂದು ಫೋನ್ ಮಾಡಬೇಕು ಅನಿಸುತ್ತಿದೆ. ಮೆಸೇಜ್ ಅಲ್ಲ, ಫೋನ್.

ಪೆನ್ಸಿಲ್ ತುದಿ
ಮಾಡಿ.

ಅರ್ಧ ಕಾಗದ
ಬೇರೆ ಪ್ರಶ್ನೆ. ಬಿಡಿಸಲು ಸಾಧ್ಯವೇ ಇಲ್ಲದ ಒಗಟನ್ನು ಹಾಗೆಂದು ಹೇಳದೆ ಕೊಡುವುದು ಮೋಸವಾ? ನನಗೆ ಹತ್ತು ವರ್ಷವಿದ್ದಾಗ ಪಕ್ಕದ ಮನೆಯ ಅಣ್ಣ ಒಂದು ಕೊಟ್ಟಿದ್ದ. ಮೂರು ಮನೆ. ನೀರು, ಕರೆಂಟು, ಗ್ಯಾಸು, ಮೂರು ಜಾಗ. ಪ್ರತಿ ಮನೆಗೂ ಮೂರರಿಂದಲೂ ಗೆರೆ ಎಳೆಯಬೇಕು. ಒಂದು ಗೆರೆ ಇನ್ನೊಂದನ್ನು ದಾಟಬಾರದು. ಇಡೀ ರಜೆ ಅದನ್ನೇ ಎಳೆದೆ. ಎಂಟು ಗೆರೆ ಸಲೀಸಾಗಿ ಬರುತ್ತಿತ್ತು. ಒಂಬತ್ತನೆಯದು ಪ್ರತಿ ಸಲವೂ ಸಿಕ್ಕಿಬೀಳುತ್ತಿತ್ತು. ಒಂದು ನೋಟ್‌ಬುಕ್ ಮುಗಿದೇಹೋಯಿತು. ಬರೀ ಕಾಗದದ ಮೇಲೆ ಅದು ಆಗುವುದೇ ಇಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಅವತ್ತು ಅಣ್ಣನ ಮೇಲೆ ಕೋಪ ಬಂದಿತ್ತು.

ಲೆಕ್ಕದ ಹುಚ್ಚು
ಮೋಸ ಅಲ್ಲ ಅಂತ ನನ್ನ ಅಭಿಪ್ರಾಯ. ‘ಆಗಲ್ಲ’ ಅನ್ನುವುದೂ ಒಂದು ಉತ್ತರ, ಯಾಕೆ ಆಗಲ್ಲ ಅಂತ ತೋರಿಸಿದರೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಯ ಕಥೆ ಕೇಳಿರುತ್ತೀರಿ. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದಾ ಅನ್ನುವುದು ಪ್ರಶ್ನೆ. ಗಣಿತಜ್ಞ ಆಯ್ಲರ್ ಆಗಲ್ಲ ಅಂತ ತೋರಿಸಿದರು. 1736ರ ಮಾತು. ಅವರ ತರ್ಕ ಎಷ್ಟು ಸರಳ ನೋಡಿ. ಒಂದು ದಡಕ್ಕೆ ಬಂದವರು ಅಲ್ಲಿಂದ ಹೋಗಲೂ ಬೇಕು. ಹಾಗಾಗಿ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಹೊರಡುವ ಜಾಗ, ಮುಗಿಸುವ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಸೇತುವೆಗಳು ಸರಿಸಂಖ್ಯೆಯಲ್ಲಿರಬೇಕು. ಅಲ್ಲಿ ನಾಲ್ಕು ಭೂಭಾಗ, ನಾಲ್ಕಕ್ಕೂ ಬೆಸಸಂಖ್ಯೆ. ಕಥೆ ಮುಗಿಯಿತು. ಗ್ರಾಫ್ ಸಿದ್ಧಾಂತ ಅನ್ನುವ ಗಣಿತದ ಶಾಖೆ ಈ ‘ಆಗಲ್ಲ’ದಿಂದಲೇ ಶುರುವಾಯಿತು ಅನ್ನುತ್ತಾರೆ.

ತಡರಾತ್ರಿ
ಆಯ್ಲರ್ ದೊಡ್ಡವರು. ಹತ್ತು ವರ್ಷದ ಮಗುವಿಗೆ ಇಡೀ ರಜೆ ಹೇಳದೆ ಬಿಡುವುದು ಸರಿಯಲ್ಲ. ‘ಆಗುತ್ತೋ ಇಲ್ಲವೋ ನೀನೇ ಹೇಳು’ ಅಂತ ಕೇಳಬೇಕಿತ್ತು. ಆಗ ಎರಡು ಬಾಗಿಲೂ ತೆರೆದಿರುತ್ತವೆ.

ಅರ್ಧ ಕಾಗದ
ಈ ಮಾತು ಸರಿ. ‘ಆಗುತ್ತೋ ಇಲ್ಲವೋ’ ಅಂದಿದ್ದರೆ ಅದೇ ನೋಟ್‌ಬುಕ್ ಇನ್ನೂ ಖುಷಿಯಿಂದ ತುಂಬುತ್ತಿತ್ತು. ಒಂದು ಮಾತ್ರ ಹೇಳಬೇಕು, ಅಣ್ಣನ ಮೇಲಿನ ಕೋಪ ಈಗಿಲ್ಲ. ಒಂಬತ್ತನೇ ಗೆರೆ ಯಾಕೆ ಸಿಕ್ಕಿಬೀಳುತ್ತದೆ ಅಂತ ಬೆರಳಿಗೇ ಗೊತ್ತಾಗಿತ್ತು. ಆಮೇಲೆ ಕಾರಣ ಓದಿದಾಗ ಹೊಸದು ಅನಿಸಲೇ ಇಲ್ಲ.

ಬಾಗಿಲು ಎರಡು
ಬಾಗಿಲು ಅಂದದ್ದಕ್ಕೆ ನೆನಪಾಯಿತು. ನಾನೂ ನನ್ನ ಗೆಳೆಯನೂ ಮೂರು ಬಾಗಿಲಿನ ಲೆಕ್ಕದ ಮೇಲೆ ಒಂದು ವಾರ ಮಾತು ಬಿಟ್ಟಿದ್ದೆವು. ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವೊಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದ ಎರಡರಲ್ಲಿ ಮೇಕೆ ಇರುವ ಒಂದನ್ನು ತೆಗೆದು ತೋರಿಸುತ್ತಾನೆ. ಈಗ ಬಾಗಿಲು ಬದಲಿಸುತ್ತೀರಾ? ನಾನು ಬದಲಿಸಬೇಕು ಅಂದೆ. ಅವನು ಎರಡೇ ಉಳಿದಿದೆ, ಅರ್ಧಕ್ಕರ್ಧ, ಬದಲಿಸಿದರೂ ಒಂದೇ ಬಿಟ್ಟರೂ ಒಂದೇ ಅಂದ.

ಕೊನೆಗೆ ಮಾತು ಬಿಟ್ಟು ಇಸ್ಪೀಟು ಎಲೆ ತೆಗೆದೆವು. ಎರಡು ಗುಲಾಮ, ಒಂದು ರಾಣಿ. ಅವನು ನಿರೂಪಕ, ನಾನು ಪ್ರತಿ ಸಲವೂ ಬದಲಿಸುತ್ತಾ ಹೋದೆ. 40 ಆಟ. 26 ಸಲ ರಾಣಿ ಸಿಕ್ಕಿತು. ಹದಿನೈದನೇ ಆಟದ ಹೊತ್ತಿಗೇ ಅವನ ಮುಖ ಬದಲಾಗಿತ್ತು. ನಿರೂಪಕನ ಜಾಗದಲ್ಲಿ ಕೂತಾಗಲೇ ಅವನಿಗೆ ಗೊತ್ತಾಯಿತಂತೆ, ಹೆಚ್ಚಿನ ಸಲ ತನ್ನ ಕೈಯಲ್ಲಿ ಒಂದು ರಾಣಿ, ಒಂದು ಗುಲಾಮ ಇರುತ್ತದೆ, ಗುಲಾಮವನ್ನೇ ತೋರಿಸಬೇಕಾಗುತ್ತದೆ ಅಂತ.

ಗಾಳಿಪಟ
ನನಗೆ ಇವತ್ತಿಗೂ ಇದು ಒಪ್ಪಿಗೆಯಾಗಲ್ಲ. ಉಳಿದಿರುವುದು ಎರಡೇ ಬಾಗಿಲು.

ಬಾಗಿಲು ಎರಡು
ನೂರು ಬಾಗಿಲು ಅಂದುಕೊಳ್ಳಿ. ನೀವು 37 ಅಂದಿರಿ. ನಿರೂಪಕ 98 ಬಾಗಿಲು ತೆಗೆದು 98 ಮೇಕೆ ತೋರಿಸಿದ. ಉಳಿದದ್ದು ನಿಮ್ಮ 37, ಅವನು ಮುಟ್ಟದೆ ಬಿಟ್ಟ 82. ಅಲ್ಲೂ ಎರಡೇ ಉಳಿದಿದೆ. ಅರ್ಧಕ್ಕರ್ಧ ಅನಿಸುತ್ತದಾ?

ಗಾಳಿಪಟ
...82ಕ್ಕೆ ಹೋಗುತ್ತೇನೆ. ಸರಿ. ಸಾಕು.

ಲೆಕ್ಕದ ಹುಚ್ಚು
ಇದರಲ್ಲಿ ಒಂದು ಸಣ್ಣ ಮಾತು ಬಿಡಬಾರದು. ನಿರೂಪಕನಿಗೆ ಕಾರು ಎಲ್ಲಿದೆ ಅಂತ ಗೊತ್ತಿರಬೇಕು, ಅವನು ಯಾವಾಗಲೂ ಮೇಕೆಯನ್ನೇ ತೋರಿಸಬೇಕು. ಗೊತ್ತಿಲ್ಲದೆ ಸುಮ್ನೆ ಒಂದು ತೆಗೆದು, ಅದೃಷ್ಟಕ್ಕೆ ಮೇಕೆ ಬಂದಿದ್ದರೆ ಆಗ ಅರ್ಧಕ್ಕರ್ಧವೇ. ಎಷ್ಟೋ ಜನ ಒಗಟು ಹೇಳುವಾಗ ಈ ಷರತ್ತನ್ನು ನುಂಗಿಬಿಡುತ್ತಾರೆ. ಆಗ ‘ಅರ್ಧಕ್ಕರ್ಧ’ ಅಂದವರನ್ನು ತಪ್ಪು ಅನ್ನುವ ಹಾಗಿಲ್ಲ.

ಅದೇ ಕಾರಣಕ್ಕೆ ಗೆಳೆಯನ ಮೇಲೆ ಬೇಸರ ಬೇಡ. ಈ ಲೆಕ್ಕವನ್ನು 1975ರಲ್ಲಿ ಸ್ಟೀವ್ ಸೆಲ್ವಿನ್ ಒಂದು ಸಂಖ್ಯಾಶಾಸ್ತ್ರ ಪತ್ರಿಕೆಗೆ ಬರೆದಿದ್ದರು. 1990ರಲ್ಲಿ ಮರಿಲಿನ್ ವಾಸ್ ಸಾವಂತ್ ತಮ್ಮ ಅಂಕಣದಲ್ಲಿ ‘ಬದಲಿಸಿ’ ಅಂತ ಉತ್ತರ ಕೊಟ್ಟಾಗ ಸುಮಾರು 10,000 ಪತ್ರ ಬಂದವು. ಹೆಚ್ಚಿನವು ನೀವು ತಪ್ಪು ಅನ್ನುವವೇ. ಪಿಎಚ್‌ಡಿ ಮಾಡಿದವರೇ ಸಾವಿರದ ಹತ್ತಿರ ಇದ್ದರು. ಸರಿ ಇದ್ದದ್ದು ಮರಿಲಿನ್ ಅವರೇ.

ಚುಕ್ಕಿ
ಹತ್ತು ಸಾವಿರ ಪತ್ರಕ್ಕೆ ಎದುರಾಗಿ ನಿಂತರು ಅಂದರೆ! ನನಗೆ ಇದು ಗೊತ್ತೇ ಇರಲಿಲ್ಲ.

ಬೆಳ್ಳಕ್ಕಿ
ಷರತ್ತು ನುಂಗುವುದು ಅಂದಿರಲ್ಲ, ಭಾಷೆಯೂ ಕೆಲವೊಮ್ಮೆ ಸುಳಿವನ್ನು ನುಂಗುತ್ತದೆ, ಕೆಲವೊಮ್ಮೆ ಉಗುಳುತ್ತದೆ. ಅಪ್ಪ ಮಗ ಅಪಘಾತಕ್ಕೆ ಸಿಕ್ಕ ಒಗಟು ಗೊತ್ತಲ್ಲ. ಅಪ್ಪ ತೀರಿಕೊಂಡ, ಮಗನನ್ನು ಆಸ್ಪತ್ರೆಗೆ ತಂದರು. ಆಪರೇಷನ್ ಮಾಡಬೇಕಿದ್ದ ಡಾಕ್ಟರು ಹುಡುಗನ ಮುಖ ನೋಡಿ, ‘ನನ್ನ ಕೈಲಾಗಲ್ಲ, ಇವನು ನನ್ನ ಮಗ’ ಎಂದರು. ಹೇಗೆ?

ಇದನ್ನು ಕನ್ನಡದಲ್ಲಿ ಹೇಳುವಾಗ ‘ಎಂದರು’ ಅನ್ನಲೇಬೇಕು. ‘ಎಂದನು’ ಅಂದರೆ ಸುಳ್ಳಾಗುತ್ತದೆ, ‘ಎಂದಳು’ ಅಂದರೆ ಒಗಟೇ ಒಡೆದುಹೋಗುತ್ತದೆ. ನಾವು ಗೌರವಕ್ಕೆ ಹಾಕುವ ಆ ‘ರು’ ಇಲ್ಲಿ ಒಗಟನ್ನು ಕಾಯುತ್ತದೆ. ಆದರೂ ಕೇಳಿದವರಲ್ಲಿ ಎಷ್ಟೋ ಜನ ಮನಸ್ಸಿನಲ್ಲೇ ‘ಎಂದನು’ ಮಾಡಿಕೊಂಡುಬಿಡುತ್ತಾರೆ. ನನ್ನ ಒಬ್ಬ ಗೆಳತಿ ಸ್ವತಃ ಡಾಕ್ಟರು. ಅವಳಿಗೂ ಒಂದು ನಿಮಿಷ ಬೇಕಾಯಿತು. ಅದನ್ನು ಅವಳು ಇವತ್ತಿಗೂ ನೆನೆಸಿಕೊಳ್ಳುತ್ತಾಳೆ.

ಅರ್ಧ ಕಾಗದ
ಉಲ್ಟಾ ಕೂಡ ಇದೆ. ‘ನನಗೆ ಒಡಹುಟ್ಟಿದವರು ಯಾರೂ ಇಲ್ಲ. ಈ ಫೋಟೋದಲ್ಲಿರುವವನ ಅಪ್ಪ ನನ್ನ ಅಪ್ಪನ ಮಗ. ಫೋಟೋದಲ್ಲಿ ಯಾರು?’ ಇದನ್ನು ಗಂಡಸರು ಹೇಳಿದರೆ ಮಾತ್ರ ಸರಿ. ನನ್ನ ತಂಗಿ ಹಾಗೇ ಹೇಳಿಬಿಟ್ಟಳು. ಅವಳ ಬಾಯಲ್ಲಿ ಅದಕ್ಕೆ ಉತ್ತರವೇ ಇಲ್ಲ! ಅರ್ಧ ಗಂಟೆ ಎಲ್ಲರೂ ತಲೆ ಕೆಡಿಸಿಕೊಂಡೆವು.

ಸುಮ್ನೆ ಓದುಗ
ಫೋಟೋದಲ್ಲಿರುವುದು ಅವನೇ ಅಲ್ವಾ?

ಅರ್ಧ ಕಾಗದ
ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ. ‘ನನ್ನ ಅಪ್ಪನ ಮಗ’ ಅನ್ನುವ ಕಡೆ ‘ನಾನು’ ಅಂತ ಹಾಕಿ ಇನ್ನೊಮ್ಮೆ ಓದಿ.

ಸುಮ್ನೆ ಓದುಗ
ಓ! ಸರಿ, ಸಿಕ್ಕಿತು. ಹೇಳಲ್ಲ.

ಲೆಕ್ಕದ ಹುಚ್ಚು
ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಗೆಳೆಯನೊಬ್ಬ ಉತ್ತರವನ್ನು ಬೇಗ ಹೇಳಿದ್ದಕ್ಕೆ ನನಗೆ ತುಂಬಾ ಇಷ್ಟದ ಕಥೆ ಒಂದಿದೆ. ರಾಮಾನುಜನ್ ಅವರದು. 1914ರಲ್ಲಿ ಕೇಂಬ್ರಿಜ್‌ನಲ್ಲಿ. ಗೆಳೆಯ ಪ್ರಶಾಂತಚಂದ್ರ ಮಹಾಲನೋಬಿಸ್ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕ ಓದಿ ಹೇಳಿದರು. ಒಂದು ಬೀದಿಯಲ್ಲಿ ಮನೆಗಳಿಗೆ 1, 2, 3 ಅಂತ ಸಾಲಾಗಿ ಸಂಖ್ಯೆ. ಒಂದು ಮನೆಯ ಎಡಗಡೆಯ ಎಲ್ಲ ಸಂಖ್ಯೆ ಕೂಡಿದರೂ ಬಲಗಡೆಯ ಎಲ್ಲ ಸಂಖ್ಯೆ ಕೂಡಿದರೂ ಒಂದೇ ಮೊತ್ತ. ಮನೆಗಳು 50ಕ್ಕಿಂತ ಜಾಸ್ತಿ, 500ಕ್ಕಿಂತ ಕಡಿಮೆ. ಮನೆ ಸಂಖ್ಯೆ ಎಷ್ಟು?

ಮಹಾಲನೋಬಿಸ್ ಕೆಲವು ನಿಮಿಷ ಲೆಕ್ಕ ಹಾಕಿ ಉತ್ತರ ಕಂಡುಕೊಂಡಿದ್ದರು. ರಾಮಾನುಜನ್ ಅಡುಗೆ ಮಾಡುತ್ತಾ ಕೇಳಿಸಿಕೊಂಡು, ‘ಬರೆದುಕೊಳ್ಳಿ’ ಅಂತ ಒಂದು ಸತತ ಭಿನ್ನರಾಶಿ (ಭಿನ್ನರಾಶಿಯೊಳಗೆ ಭಿನ್ನರಾಶಿ ಬರುತ್ತಾ ಹೋಗುವಂಥದ್ದು) ಹೇಳಿದರು. ಅದರಲ್ಲಿ ಈ ಬೀದಿಯ ಉತ್ತರ ಮಾತ್ರ ಅಲ್ಲ, ಇಂಥ ಎಲ್ಲ ಬೀದಿಗಳ ಉತ್ತರವೂ ಇತ್ತು. 8 ಮನೆಯ ಬೀದಿಯಾದರೆ 6ನೇ ಮನೆ: 1ರಿಂದ 5ರವರೆಗೆ ಕೂಡಿದರೆ 15, 7 ಮತ್ತು 8 ಕೂಡಿದರೂ 15. ಮುಂದಿನದು 49 ಮನೆ, 35ನೆಯದು. ಕೈಯಲ್ಲೇ ಕೂಡಿ ನೋಡಿ, ಎರಡೂ ಕಡೆ 595. ಪತ್ರಿಕೆ ಕೇಳಿದ್ದು ಅದರ ಮುಂದಿನದನ್ನು. ಅದನ್ನು ಹೇಳಲ್ಲ, ಬೇಕಾದವರು ಹುಡುಕಿ.

ರಾಮಾನುಜನ್ ಎಷ್ಟು ಬೇಗ ಹೇಳಿದರೂ ಮಹಾಲನೋಬಿಸ್ ಅವರ ಪಾಲಿನ ಸಂತೋಷಕ್ಕೆ ಏನೂ ಕಡಿಮೆಯಾಗಲಿಲ್ಲ. ಯಾಕಂದರೆ ಅವರು ತಾವೇ ಬಿಡಿಸಿಯಾಗಿತ್ತು. ಬೇಗ ಹೇಳುವುದೇ ತೊಂದರೆ ಅಂತ ನನಗನಿಸಲ್ಲ. ಇನ್ನೊಬ್ಬರು ಕೈ ಹಾಕುವ ಮೊದಲೇ ಹೇಳುವುದು ತೊಂದರೆ.

ತಡರಾತ್ರಿ
ಇದನ್ನು ಪೂರ್ತಿ ಒಪ್ಪುತ್ತೇನೆ. ಕದನದ ವಿಷಯದಲ್ಲಿ ಚುಕ್ಕಿ ಮೇಡಂ ಅವರಲ್ಲಿ ಇನ್ನೊಮ್ಮೆ ಕ್ಷಮೆ.

ಚುಕ್ಕಿ
ಬಿಡಿ ಸರ್, ನನ್ನ ಹತ್ತಿರ ಇನ್ನೂ ನಲವತ್ತು ಇದೆ.

ಭಾನುವಾರದ ಒಗಟು
ಎಲ್ಲರಿಗೂ ಧನ್ಯವಾದ. ಒಂದು ವಾರದ ವರದಿ ಕೊಡುತ್ತೇನೆ.

ಗೆಳತಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಮಾತಾಡಿದೆವು, ಒಗಟಿನ ಬಗ್ಗೆ ಕೊನೆಯ ಐದು ನಿಮಿಷ ಅಷ್ಟೇ. ಆ ಉದ್ದನೆಯ ಉತ್ತರವನ್ನು ಅವಳು ಓದಿಯೇ ಇರಲಿಲ್ಲವಂತೆ, ಬೇಕೆಂದೇ ಕಣ್ಣು ಮುಚ್ಚಿಕೊಂಡು ಮೇಲೆ ಸರಿಸಿದ್ದಳಂತೆ. ನಾಣ್ಯದ ಬದಲು ಹನ್ನೆರಡು ಗುಂಡಿ ಇಟ್ಟುಕೊಂಡು, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ತಕ್ಕಡಿ ಬರೆದು ಆಡುತ್ತಿದ್ದಳು. ನಿನ್ನೆ ರಾತ್ರಿ ನನಗೊಬ್ಬನಿಗೇ ಒಂದು ಫೋಟೋ ಬಂತು. ಗುಂಡಿಗಳ ಮೇಲೆ ಸಣ್ಣ ಚೀಟಿ ಅಂಟಿಸಿದ್ದಾಳೆ: ‘ಭಾರ ಇರಬಹುದು’, ‘ಹಗುರ ಇರಬಹುದು’, ‘ಒಳ್ಳೆಯದು’. ಎರಡನೇ ತೂಕದಲ್ಲಿ ಮೂರು ಗುಂಡಿಗಳನ್ನು ಆ ತಟ್ಟೆಯಿಂದ ಈ ತಟ್ಟೆಗೆ ದಾಟಿಸಿದ್ದಾಳೆ. ಅದೇ ಕೀಲಿ. ಪೂರ್ತಿ ಸರಿ.

ಉತ್ತರ ಅಂಟಿಸಿದ ಗೆಳೆಯನಿಗೆ ಬೆಳ್ಳಕ್ಕಿಯವರ ಗಂಟಿನ ಮಾತು ಕಳಿಸಿದೆ. ಒಂದು ದಿನ ಸುಮ್ಮನಿದ್ದ. ಆಮೇಲೆ, ‘ಮುಂದಿನ ಭಾನುವಾರ ಒಗಟು ನಾನು ಹಾಕುತ್ತೇನೆ’ ಅಂದ. ಹಾಕಿದವರಿಗೆ ಉತ್ತರ ಕಳಿಸುವ ಪದ್ಧತಿ ಇರಲಿ, ಎಲ್ಲರದೂ ನಾನು ನೋಡಬೇಕು ಅಂತಲೂ ಅಂದ. ಅವನು ಹಾಕಿದ್ದು ಇದು. ಎರಡು ಹಗ್ಗ. ಪ್ರತಿಯೊಂದೂ ಪೂರ್ತಿ ಉರಿಯಲು ಸರಿಯಾಗಿ ಒಂದು ಗಂಟೆ. ಆದರೆ ಒಂದೇ ವೇಗದಲ್ಲಿ ಉರಿಯಲ್ಲ, ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ. ಗಡಿಯಾರ ಇಲ್ಲ, ಬೆಂಕಿಪೊಟ್ಟಣ ಇದೆ. 45 ನಿಮಿಷ ಅಳೆಯಬೇಕು.

ಸುಮ್ನೆ ಓದುಗ
ನಾಣ್ಯದ್ದು ನನಗೂ ನಿನ್ನೆ ಸಿಕ್ಕಿತು! ಲೆಕ್ಕದ ಹುಚ್ಚು ಅವರಿಗೆ ಖಾಸಗಿಯಾಗಿ ಕಳಿಸಿದ್ದೇನೆ.

ಹಗ್ಗದ್ದು ಆಗುತ್ತಿಲ್ಲ. ಒಂದೇ ವೇಗದಲ್ಲಿ ಉರಿಯಲ್ಲ ಅಂದ ಮೇಲೆ ಅರ್ಧಕ್ಕೆ ಗುರುತು ಹಾಕಿಯೂ ಪ್ರಯೋಜನ ಇಲ್ಲ. ಮಡಿಸಿದರೂ ಅಷ್ಟೇ. ಉತ್ತರ ಬೇಡ, ಒಂದು ಸಣ್ಣ ಸುಳಿವು ಕೊಡಿ.

ಗಾಳಿಪಟ
ಒಂದು ಹಗ್ಗಕ್ಕೆ ತುದಿ ಎಷ್ಟು?

ಸುಮ್ನೆ ಓದುಗ
ಅಯ್ಯೋ. ತಡೀರಿ, ಯಾರೂ ಏನೂ ಹೇಳಬೇಡಿ.